ತಂಪು ಮಾಡುವವನ ಮನೆಯಲ್ಲಿ ಬಿಸಿಲು

ನಮ್ಮ ಟಿಂಡಾರಾದಲ್ಲಿ ಒಬ್ಬರ ಮನೆಗೆ ಹೋದರೆ ನೀವು ಅವರಿಗೆ ಎಷ್ಟು ಬೇಕಾದವರು ಅನ್ನುವುದು ಕೂರಿಸಿದ ಜಾಗದಲ್ಲೇ ಗೊತ್ತಾಗುತ್ತದೆ. ಸೂರಿನ ಮೇಲೆ ಕೂರಿಸಿದ ಕೂಲರಿನ ಗಾಳಿಕಿಂಡಿ ನೆತ್ತಿಗೆ ನೇರ ಬರುವ ಕುರ್ಚಿ ಕೊಟ್ಟರೆ ನೀವು ಮನೆಯವರ ಸಮಾನ. ಬಾಗಿಲ ಹತ್ತಿರದ ಬೆಂಚು ತೋರಿಸಿದರೆ ಚಹಾ ಕುಡಿದು ಬೇಗ ಜಾಗ ಖಾಲಿ ಮಾಡಿ ಎಂದರ್ಥ. ಪಾದ್ರಿಗೂ ಅದೇ ಲೆಕ್ಕ, ಬೀಗರಿಗೂ ಅದೇ ಲೆಕ್ಕ. ಆಸ್ಟ್ರೇಲಿಯಾದ ಹೊಟ್ಟೆಯೊಳಗೆ, ಸಮುದ್ರಕ್ಕೆ ಒಂದು ಹಗಲಿನ ದಾರಿ ದೂರದಲ್ಲಿ, ನಡುಬೇಸಿಗೆಯ ಫೆಬ್ರವರಿಯಲ್ಲಿ ನಲವತ್ತಮೂರು ಡಿಗ್ರಿ ಕಾಯುವ ಗಣಿಯೂರಿನಲ್ಲಿ ಪ್ರೀತಿ ತೋರಿಸಲು ಇನ್ನೇನಿದೆ ಹೇಳಿ?

ಆ ಪ್ರೀತಿಯನ್ನೆಲ್ಲ ಸೂರಿನ ಮೇಲೆ ಕೂತು ರಿಪೇರಿ ಮಾಡುವವನು ನನ್ನ ಪಕ್ಕದ ಮನೆಯ ಗಾರ್ತ್ ಟ್ರೆಲೋರ್. ಅವನ ಅಪ್ಪ, ಅಜ್ಜ ಇಬ್ಬರೂ ಗಣಿಗೆ ಇಳಿದವರು. ಇವನು ಹದಿನೇಳನೇ ವಯಸ್ಸಿಗೆ "ನಾನು ಕೆಳಗೆ ಇಳಿಯಲ್ಲ, ಮೇಲೆ ಹತ್ತುತ್ತೀನಿ" ಎಂದು ಏಣಿ ಹಿಡಿದ. ಮೂವತ್ತು ವರ್ಷವಾಯಿತು, ಇನ್ನೂ ಇಳಿದಿಲ್ಲ. ಯಾರ ಕೂಲರಿನ ಪಂಪು ಕೆಮ್ಮುತ್ತದೆ, ಯಾರ ಮನೆಯ ಹುಲ್ಲಿನ ಪ್ಯಾಡಿನಲ್ಲಿ ಉಪ್ಪು ಕಟ್ಟಿದೆ, ಯಾರ ಬೆಲ್ಟು ಇನ್ನೊಂದು ವಾರದಲ್ಲಿ ಹರಿಯುತ್ತದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿರುತ್ತದೆ.

ನನ್ನ ಗಂಡ ಕ್ಲೆಮ್ ತೀರಿಕೊಂಡ ದಿನ ನಲವತ್ತಾರು ಡಿಗ್ರಿ. ಹೂವು ತಂದವರು, ಕೇಕು ತಂದವರು ಬೇಕಾದಷ್ಟು ಜನ. ಗಾರ್ತ್ ಬರಿಗೈಯಲ್ಲಿ ಬಂದ. ನನ್ನ ಮುಖ ನೋಡಿದ, ಏಣಿ ಹಾಕಿಕೊಂಡು ನನ್ನ ಸೂರು ಹತ್ತಿದ. ಪ್ಯಾಡ್ ಬದಲಿಸಿ, ಪಂಪು ತೊಳೆದು ಒಂದು ಗಂಟೆಯ ನಂತರ ಕೆಂಪು ಮುಖ ಮಾಡಿಕೊಂಡು ಇಳಿದ. "ಜನ ಬರ್ತಾರೆ ಗ್ಲೆನ್. ಯಾರೂ ಬೆವರಬಾರದು ನೋಡು" ಅಂದ. ಬೆಳಿಗ್ಗೆಯಿಂದ ಕಲ್ಲಿನಂತೆ ಕೂತಿದ್ದವಳು ನಾನು, ಆಗ ಅತ್ತುಬಿಟ್ಟೆ. ಹಾಗಾಗಿ ಅವನನ್ನು ಬೈಯುವ ಹಕ್ಕು ಈ ಊರಿನಲ್ಲಿ ಯಾರಿಗಾದರೂ ಇದ್ದರೆ ನನಗೆ.

ಬೈಯಲು ಕಾರಣ ಒಂದೇ, ಅವನ ಬಾಯಲ್ಲಿ ಸದಾ ಇರುವ ಆ ಮಾತು: "ಸರಿಹೋಗತ್ತೆ ಬಿಡು." ನಮ್ಮೂರಿನ ಗಂಡಸರೆಲ್ಲ ಆಡುವ ಮಾತೇ, ಆದರೆ ಇವನಿಗೆ ಅದು ಜಪ. ಕಾರಿನ ಬ್ರೇಕು ಕಿರ್ ಅಂದರೆ ಸರಿಹೋಗತ್ತೆ ಬಿಡು. ಮಗಳಿಗೆ ಕಿವಿನೋವು ಅಂದರೆ ಸರಿಹೋಗತ್ತೆ ಬಿಡು. ಹೆಂಡತಿ ಲೀಆನ್ ಮೂರು ತಿಂಗಳು ಒಮ್ಮೆಯೂ ನಗದೆ ಓಡಾಡಿದಾಗಲೂ ಸರಿಹೋಗತ್ತೆ ಬಿಡು. ಸರಿಹೋಗಲಿಲ್ಲ. ಅವಳು ಮಗಳನ್ನು ಕರೆದುಕೊಂಡು ನದಿಯ ಪಕ್ಕದ ಮಿಲ್ಡುರಾಕ್ಕೆ ಹೊರಟುಹೋದಳು. ಅದು ನಾಲ್ಕು ವರ್ಷದ ಹಿಂದಿನ ಮಾತು.

ಮಗಳು ಟೆಗನ್‌ಗೆ ಈಗ ಹನ್ನೊಂದು. ಮೂರು ವಾರಕ್ಕೊಂದು ಶುಕ್ರವಾರ ಸಂಜೆಯ ಬಸ್ಸಿನಲ್ಲಿ ಅಪ್ಪನ ಮನೆಗೆ ಬರುತ್ತಾಳೆ, ಭಾನುವಾರ ಮಧ್ಯಾಹ್ನ ಹೋಗುತ್ತಾಳೆ. ಕಳೆದ ವರ್ಷದ ಕೊನೆಗೆ ಆ ಬರುವಿಕೆ ಸೊರಗಿಹೋಗಿತ್ತು. ಬಂದವಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಫೋನು ನೋಡುತ್ತ ಕೂರುವುದು, ಇವನು ಅಡುಗೆಮನೆಯಲ್ಲಿ ಕುರಿಮಾಂಸದ ಚಾಪ್ಸ್ ಸುಡುತ್ತ ಗೋಡೆಯ ಜೊತೆ ಮಾತಾಡುವುದು. ಕ್ರಿಸ್ಮಸ್ ಕಳೆದ ಮೇಲೆ ಲೀಆನ್ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳಂತೆ: "ಗಾರ್ತ್, ಇನ್ಮೇಲೆ ನಾನು ಬಲವಂತ ಮಾಡಿ ಬಸ್ ಹತ್ತಿಸಲ್ಲ. ಬರೋದು ಬಿಡೋದು ಅವಳಿಷ್ಟ."

ಆ ದಿನ ಅವನು ನನ್ನ ಅಂಚೆ ಕಚೇರಿಯ ಕೌಂಟರಿಗೆ ಬಂದು, ಏನೂ ಕೊಳ್ಳದೆ, ಸ್ಟ್ಯಾಂಪಿನ ಆಲ್ಬಮ್ಮು ತಿರುವುತ್ತ ಅರ್ಧ ಗಂಟೆ ನಿಂತಿದ್ದ. "ಅವಳಿಷ್ಟ ಅಂದ್ರೆ ಬರಲ್ಲ ಅಂತ ತಾನೆ ಗ್ಲೆನ್?" ಅಂದ. ಸುಳ್ಳು ಹೇಳುವ ಬದಲು ನಾನು ಅವನ ಕೈಯಿಂದ ಆಲ್ಬಮ್ಮು ತೆಗೆದು ಒಳಗಿಟ್ಟೆ.

ಹೀಗಿರುವಾಗಲೇ ಜನವರಿಯಲ್ಲಿ ಬಂದ ಹುಡುಗಿ ಊಟದ ಮಧ್ಯೆ, ತಾನು ಗಡ್ಡದ ಡ್ರ್ಯಾಗನ್ ಸಾಕಬೇಕು, ಅಮ್ಮ ಬಿಲ್‌ಕುಲ್ ಬೇಡ ಅಂತಾಳೆ, ಎಂದಳಂತೆ. ಡ್ರ್ಯಾಗನ್ ಎಂದ ತಕ್ಷಣ ಹೆದರಬೇಡಿ, ಅದು ಬೆಂಕಿ ಉಗುಳುವುದಿಲ್ಲ. ಓತಿಕ್ಯಾತನ ದೊಡ್ಡಪ್ಪನ ಮಗ ಅಂದುಕೊಳ್ಳಿ. ಸಿಟ್ಟು ಬಂದರೆ ಗಂಟಲ ಕೆಳಗಿನ ಮುಳ್ಳುಚರ್ಮ ಉಬ್ಬಿಸಿಕೊಂಡು ಕಪ್ಪುಗಡ್ಡದವನ ಹಾಗೆ ಕಾಣುತ್ತದೆ, ಅಷ್ಟೇ. ನಮ್ಮ ಬೇಲಿಗೂಟಗಳ ಮೇಲೆ ಬೇಕಾದಷ್ಟು ಕೂತಿರುತ್ತವೆ.

"ಇಲ್ಲೇ ಸಾಕೋಣ" ಅಂದನಂತೆ ಗಾರ್ತ್.

ಟೆಗನ್ ಕಿವಿಯಿಂದ ತಂತಿ ತೆಗೆದಳಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವನೂ ಹಾಗೆ ಕುಣಿಯಲಾರ.

ಬೇಲಿಯ ಮೇಲಿನದನ್ನು ಹಿಡಿದು ತರುವಂತಿಲ್ಲ, ಕಾನೂನು ಬಿಡುವುದಿಲ್ಲ. ಪರವಾನಗಿ ಬೇಕು, ಮರಿಯೂ ಸಾಕಿದವರ ಮನೆಯಲ್ಲೇ ಹುಟ್ಟಿರಬೇಕು. ನಮ್ಮೂರಿನಲ್ಲಿ ಮರಿ ಮಾಡಿಸುವವಳು ನೆವೆಂಕಾ ಒಬ್ಬಳೇ. ಗಣಿಯಲ್ಲಿ ದುಡಿಯಲು ಕ್ರೊಯೇಷಿಯಾದಿಂದ ಬಂದವನ ವಿಧವೆ, ಎಪ್ಪತ್ತು ದಾಟಿದೆ, ನಾಲಿಗೆ ಮಾತ್ರ ಹೊಸ ಬ್ಲೇಡು. ಮರಿ ಕೊಟ್ಟ ಮೇಲೂ ಅವಳು ಯಾವಾಗ ಬೇಕಾದರೂ ಬಂದು ನೋಡುತ್ತಾಳೆ. ವ್ಯವಸ್ಥೆ ಸರಿಯಿಲ್ಲದಿದ್ದರೆ ಅಂಗಿಯ ಜೇಬಿಗೆ ಹಾಕಿಕೊಂಡು ವಾಪಸ್ ಹೊರಟೇಬಿಡುತ್ತಾಳೆ.

"ಕೂಲರ್ ರಿಪೇರಿಯವನಿಗೆ ನನ್ನ ಮರಿ ಕೊಡೋದಾ?" ಎಂದಳು ಗಾರ್ತ್‌ನನ್ನು ನೋಡಿ. ಜೊತೆಗೆ ಹೋಗಿದ್ದ ನನ್ನ ಕಡೆ ತಿರುಗಿ, "ಇವನು ಹೇಗೆ? ಜವಾಬ್ದಾರಿ ಇದೆಯಾ?" ಎಂದು ಕೇಳಿದಳು.

"ಚಿನ್ನದಂಥ ಮನುಷ್ಯ" ಅಂದೆ. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅನ್ನುತ್ತಾರಲ್ಲ, ಆವತ್ತು ಆ ಗೂಟ ನಾನೇ.

ನೆವೆಂಕಾ ಒಂದು ಚೀಟಿ ಬರೆದುಕೊಟ್ಟಳು. ಅದರ ಗೂಡಿನೊಳಗೆ ಬಿಸಿ ಕೊಡುವ ದೀಪದ ಕೆಳಗೆ ನಲವತ್ತು ಡಿಗ್ರಿ, ಇನ್ನೊಂದು ತುದಿಗೆ ಇಪ್ಪತ್ತೈದು. ಬಿಸಿಲಿನ ಗುಣವಿರುವ ಉದ್ದ ಟ್ಯೂಬ್‌ಲೈಟು ಹಗಲೆಲ್ಲ ಉರಿಯಬೇಕು. ಮರಳು ಹಾಕಬಾರದು, ಮರಿ ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಹುಳು ಅದರ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಗಾರ್ತ್ ಚೀಟಿಯನ್ನು ಎರಡು ಸಲ ಓದಿ ಜೇಬಿಗಿಟ್ಟ.

ಪರವಾನಗಿ ಕೈಗೆ ಬಂತು. ಟೆಗನ್ ಮತ್ತೆ ಬಂದ ವಾರಾಂತ್ಯ ಅಪ್ಪ ಮಗಳು ಸೇರಿ ಮರಿಗೆ ಮನೆ ಸಿದ್ಧ ಮಾಡಿದ್ದು ಒಂದು ಹಬ್ಬ. ಹಳೆಯ ಮೀನಿನ ಗಾಜಿನ ತೊಟ್ಟಿ ತಂದು ವಿನೆಗರ್ ಹಾಕಿ ಉಜ್ಜಿದರು. ಗುಡ್ಡದಿಂದ ಚಪ್ಪಟೆ ಕಲ್ಲೊಂದನ್ನು ಆರಿಸಿ ತಂದು ಕುದಿಯುವ ನೀರು ಸುರಿದರು. ಮರಿ ಹತ್ತಿ ಕೂರಲು ಬೇಕೆಂದು ಒಣಗಿದ ಮಲ್ಗಾ ಮರದ ಕೊಂಬೆಯನ್ನು, ಹುಳ ಹುಪ್ಪಟೆ ಸಾಯಲಿ ಅಂತ ಓವನ್ನಿನಲ್ಲಿ ಇಟ್ಟು ಬೇಯಿಸಿದರು. ಬೀದಿಯೆಲ್ಲ ಕಟ್ಟಿಗೆ ವಾಸನೆ, "ಟ್ರೆಲೋರ್ ಮನೇಲಿ ಇವತ್ತು ಮರದ ಸಾರಾ?" ಎಂದು ಎದುರು ಮನೆಯವರು ಕೇಳಿದ್ದೂ ಆಯಿತು. ತಳಕ್ಕೆ ಅಡುಗೆಮನೆಯ ಉಳಿದ ಟೈಲ್ಸು. ಟೆಗನ್ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಕುಂಬಳಕಾಯಿ ತುರಿದು, ಜಾಡಿಯ ಮುಚ್ಚಳದಲ್ಲಿ ಬಡಿಸಿದಳು. ಮರಿಗೆ ತಿನ್ನಿಸಲು ನೆವೆಂಕಾ ಕೊಟ್ಟ ಜೀರುಂಡೆಗಳನ್ನು ಸುಣ್ಣಸತ್ವದ ಬಿಳಿ ಪುಡಿಯಲ್ಲಿ ಹೊರಳಿಸಿದಳು.

ಮರಿ ನನ್ನ ಗೇಣಿಗಿಂತ ಚಿಕ್ಕದು, ಬೆಂದ ಬಿಸ್ಕತ್ತಿನ ಬಣ್ಣ. ಹಾಗಾಗಿ ಹೆಸರೂ ಬಿಸ್ಕತ್. ತೊಟ್ಟಿಗೆ ಬಿಟ್ಟ ಕೂಡಲೇ ಟೆಗನ್‌ಳನ್ನು ನೋಡಿ ಮುಂಗಾಲೊಂದನ್ನು ನಿಧಾನ ಎತ್ತಿ ಗಾಳಿಯಲ್ಲಿ ತಿರುಗಿಸಿತು.

"ಟಾಟಾ ಮಾಡ್ತಿದೆ!" ಎಂದೆ ನಾನು.

"ಟಾಟಾ ಅಲ್ಲ ಗ್ಲೆನಿಸ್ ಆಂಟಿ. 'ನೀನು ದೊಡ್ಡೋಳು, ನಾನು ಚಿಕ್ಕೋನು, ಏನೂ ಮಾಡ್ಬೇಡ' ಅಂತ" ಎಂದಳು ಟೆಗನ್. ಹುಡುಗಿ ಎಲ್ಲ ಓದಿಕೊಂಡೇ ಬಂದಿದ್ದಳು.

ಇಷ್ಟೆಲ್ಲ ಸರಿಯಾಗಿ ಮಾಡಿ, ಗಾರ್ತ್ ತೊಟ್ಟಿಯನ್ನು ಎಲ್ಲಿಟ್ಟ ಗೊತ್ತೇ? ಬೈಠಕ್ಕಿನ ಕೋಣೆಯಲ್ಲಿ, ಕೂಲರಿನ ಗಾಳಿಕಿಂಡಿಯ ನೇರ ಕೆಳಗೆ. ಇಡೀ ಊರಿನಲ್ಲಿ ಅತ್ಯಂತ ತಂಪಾದ ಮನೆಯ ಅತ್ಯಂತ ತಂಪಾದ ಜಾಗ ಅದು. ಪಾದ್ರಿಗೂ ಕೊಡದ ಕುರ್ಚಿಯ ಜಾಗ.

"ಅಪ್ಪ, ಇಲ್ಲಿ ತಣ್ಣಗಿರುತ್ತಲ್ಲ" ಎಂದಳು ಟೆಗನ್.

"ಅದಕ್ಕೇ ಇಟ್ಟಿದ್ದು ಪುಟ್ಟಾ. ಪಾಪ, ಇದರ ವಂಶವೆಲ್ಲ ಬೇಲಿ ಮೇಲೆ ಬೆಂದೇ ಸತ್ತಿದ್ದು. ಇದಾದ್ರೂ ನಮ್ಮನೇಲಿ ಸುಖವಾಗಿರ್ಲಿ."

"ಆದ್ರೆ ಪುಸ್ತಕದಲ್ಲಿ..."

"ಸರಿಹೋಗತ್ತೆ ಬಿಡು."

ಹುಡುಗಿಯ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅದು ನನ್ನ ಕಣ್ಣಿಗೆ ಬಿತ್ತು. ನಿಜ ಹೇಳಬೇಕೆಂದರೆ ನನಗೂ ಗಾರ್ತ್ ಹೇಳಿದ್ದೇ ಸರಿ ಅನ್ನಿಸಿತ್ತು. ನಲವತ್ತು ಡಿಗ್ರಿ ಬೇಕು ಎಂದು ಬುದ್ಧಿ ನೆಟ್ಟಗಿರುವ ಯಾವ ಪ್ರಾಣಿ ಕೇಳುತ್ತದೆ? ನೆವೆಂಕಾ ಮರಿ ಸಾಕುವ ತಗಡಿನ ಶೆಡ್ಡಿನಲ್ಲಿ ಕೂಲರಿಲ್ಲ, ಅದಕ್ಕೇ ಹಾಗೆ ಬರೆದಿದ್ದಾಳೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು. ಈ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಇಂಥ ದಡ್ಡತನ ಸಾಧ್ಯ.

ಭಾನುವಾರ ಬಸ್ಸು ಹತ್ತುವಾಗ ಟೆಗನ್ ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಅದು ಸತ್ರೆ ನಾನು ಇನ್ನು ಬರಲ್ಲ ಅಪ್ಪ" ಎಂದಳು. ಜಗಳದ ದನಿ ಅಲ್ಲ, ಸುಮ್ಮನೆ ವಿಷಯ ತಿಳಿಸಿದ ಹಾಗೆ. ಬಸ್ಸು ಹೋದ ಮೇಲೂ ಗಾರ್ತ್ ಕೈಯೆತ್ತಿಕೊಂಡೇ ನಿಂತಿದ್ದ.

ಮನೆಗೆ ಬಂದವನು ಇನ್ನಷ್ಟು ಕಾಳಜಿ ಮಾಡಿದ, ಅದೇ ತಪ್ಪಾದದ್ದು. ಮರಿಗೆ ಸೆಕೆಯಾದೀತು ಎಂದು ದೀಪವನ್ನು ಬೆಳಿಗ್ಗೆ ಎರಡೇ ಗಂಟೆ ಹಚ್ಚಿದ. ಜೀರುಂಡೆ ಹಾರಿಹೋಗದಿರಲಿ ಎಂದು ಮೇಲೊಂದು ಗಾಜು ಮುಚ್ಚಿ, ಟ್ಯೂಬನ್ನು ಅದರ ಮೇಲಿಟ್ಟ. ಟ್ಯೂಬಿನ ಬಿಸಿಲುಗುಣ ಗಾಜು ದಾಟಿ ಇಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ.

ದಿನಾ ಸಂಜೆ ಆರಕ್ಕೆ ಟೆಗನ್ ಫೋನು. "ತಿಂತಾ?" "ತಿಂತು ಪುಟ್ಟಾ." "ಬಣ್ಣ?" "ಬಿಸ್ಕತ್ ಬಣ್ಣವೇ." ಬೇಲಿಯ ಈಚೆ ಗಿಡಕ್ಕೆ ನೀರು ಹಾಕುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಎಂದೂ ಮಾತಿಗೆ ಸಿಗದ ಮಗಳು ದಿನಾ ಫೋನ್ ಮಾಡುತ್ತಿದ್ದಾಳಲ್ಲ ಎಂದು ಖುಷಿಪಟ್ಟಿದ್ದೆ.

ಜೀವಂತ ಜೀರುಂಡೆಗಳು ಬರುವುದು ಅಂಚೆಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ. ಮಂಗಳವಾರ ಬರುತ್ತವೆ, ಕೌಂಟರಿನ ಹಿಂದೆ ಕಿರ್ ಕಿರ್ ಎಂದು ಕೂಗುತ್ತ ಕೂರುತ್ತವೆ. ಮೊದಲ ಮಂಗಳವಾರ ಗಾರ್ತ್ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ. ಎರಡನೇ ಮಂಗಳವಾರ ಬರಲೇ ಇಲ್ಲ. ಮಧ್ಯಾಹ್ನವಾಯಿತು, ಐದು ಗಂಟೆಯಾಯಿತು, ಪೆಟ್ಟಿಗೆ ಕೂಗುತ್ತಲೇ ಇತ್ತು. ಬಾಗಿಲು ಹಾಕಿ, ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಮನೆಗೆ ಹೋದೆ.

ಗಾರ್ತ್ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತಿದ್ದ. ತೊಟ್ಟಿಯ ಸುತ್ತ ಒದ್ದೆ ಟವೆಲ್ಲು ಸುತ್ತಿದ್ದ. ಒಳಗೆ ಬಿಸ್ಕತ್ ಕಲ್ಲಿಗೆ ಅಂಟಿಕೊಂಡು ಮಲಗಿತ್ತು, ಮೈ ಇದ್ದಲಿನ ಬಣ್ಣ, ಕಣ್ಣು ಮುಚ್ಚಿತ್ತು. ಹೋದ ವಾರದ ಜೀರುಂಡೆಗಳು ಅದರ ಬೆನ್ನಿನ ಮೇಲೇ ಓಡಾಡುತ್ತಿದ್ದವು.

"ಎಷ್ಟು ದಿನದಿಂದ ತಿಂದಿಲ್ಲ?"

"ಐದು."

"ಐದು ದಿನದಿಂದ ಮಗಳಿಗೆ ತಿಂತು ತಿಂತು ಅಂತ ಹೇಳ್ತಿದ್ದೀಯಾ?"

"ಸೆಕೆಗೆ ಹೀಗಾಗಿದೆ ಗ್ಲೆನ್. ಇನ್ನೂ ಸ್ವಲ್ಪ ತಂಪು ಮಾಡಿದ್ರೆ..."

"ನೆವೆಂಕಾಗೆ ಫೋನ್ ಮಾಡು."

"ಅವಳು ಎತ್ಕೊಂಡು ಹೋಗ್ತಾಳೆ. ಟೆಗನ್ ಬಂದಾಗ ಖಾಲಿ ತೊಟ್ಟಿ ತೋರಿಸ್ಲಾ?"

"ಸತ್ತ ಮರಿ ತೋರಿಸ್ತೀಯಾ ಹಾಗಾದ್ರೆ?"

ಅವನು ಟವೆಲ್ಲಿನ ಅಂಚು ಸರಿಮಾಡಿದ. ನನಗೆ ರೇಗಿತು. ಏನು ಮನುಷ್ಯ ಇವನು, ಕಣ್ಣೆದುರಿಗೆ ಜೀವ ಹೋಗುತ್ತಿದ್ದರೂ ಒದ್ದೆ ಬಟ್ಟೆ ಸುತ್ತಿ ಕೂತಿದ್ದಾನೆ! "ನಿನ್ನ ಸಂಸಾರ ಹಾಳಾಗಿದ್ದೂ ಹೀಗೇ ಕಣೋ" ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಆರು ಗಂಟೆಯಾಯಿತು, ಫೋನು ಬಡಿದುಕೊಂಡಿತು.

ಅವನು ಫೋನನ್ನು ನೋಡಿದ, ನನ್ನನ್ನು ನೋಡಿದ. ಎತ್ತಿಕೊಂಡ, ಹುಡುಗಿಯ ದನಿ ನನಗೂ ಕೇಳಿಸಿತು.

"ಅಪ್ಪ, ತಿಂತಾ?"

ಅವನ ಕಣ್ಣು ತೊಟ್ಟಿಯ ಕಡೆ ಹೋಯಿತು. ನನ್ನ ಕಂಕುಳಲ್ಲಿ ಜೀರುಂಡೆಗಳು ಕೂಗುತ್ತಿದ್ದವು.

"ಇಲ್ಲ ಪುಟ್ಟಾ. ತಿಂದಿಲ್ಲ. ಐದು ದಿನ ಆಯ್ತು. ನಾನು ಸುಳ್ಳು ಹೇಳ್ದೆ. ಮೈಯೆಲ್ಲ ಕಪ್ಪಾಗಿದೆ. ಏನ್ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ." ಕೊನೆಯ ಮಾತಿಗೆ ಅವನ ದನಿ ಒಡೆಯಿತು.

ಆ ಕಡೆ ಹುಡುಗಿ ಅಳುತ್ತಾಳೆ, ಕಿರುಚುತ್ತಾಳೆ, ಫೋನಿಡುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಇಷ್ಟು: "ಅಪ್ಪ, ಕಲ್ಲಿನ ಮೇಲೆ ಕೈ ಇಡು. ದೀಪದ ಕೆಳಗಿನ ಕಲ್ಲು."

ಇಟ್ಟ.

"ಬಿಸಿ ಇದ್ಯಾ?"

"ಇಲ್ಲ. ತಣ್ಣಗಿದೆ."

"ಅಪ್ಪ, ಅದಕ್ಕೆ ಚಳಿ ಆಗ್ತಿದೆ. ಅದರ ಒಳಗೆ ಬಿಸಿ ಹುಟ್ಟಲ್ಲ. ಹೊರಗಿಂದಾನೇ ತಗೋಬೇಕು. ಬಿಸಿ ಇಲ್ದೆ ತಿಂದ್ರೂ ಜೀರ್ಣ ಆಗಲ್ಲ. ಕಪ್ಪಾಗಿರೋದು ಸಿಕ್ಕಷ್ಟು ಬಿಸಿಲು ಹೀರ್ಕೊಳ್ಳೋಕೆ."

ಹೊರಗೆ ಆ ಸಂಜೆಯೂ ನಲವತ್ತೊಂದು ಡಿಗ್ರಿ. ನಮ್ಮ ಬೀದಿಯಲ್ಲಿ ಒಂದು ಜೀವ ಚಳಿಯಿಂದ ಸಾಯುತ್ತಿತ್ತು, ಅದೂ ನಾವು ಮಾಡಿದ ಉಪಚಾರದಿಂದ. ಗಾರ್ತ್ ಒದ್ದೆ ಟವೆಲ್ಲು ಕಿತ್ತು ಬಿಸಾಡಿ, ಗೋಡೆಯ ಸ್ವಿಚ್ಚಿಗೆ ಹೋಗಿ ಕೂಲರು ಆರಿಸಿದ. ಆ ಮನೆಯಲ್ಲಿ ಬೇಸಿಗೆಯಲ್ಲಿ ಆ ಸದ್ದು ನಿಂತದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ನೆವೆಂಕಾಗೆ ನಾನೇ ಫೋನು ಮಾಡಿದೆ. ಹತ್ತು ನಿಮಿಷದಲ್ಲಿ ಬಂದಳು. ತೊಟ್ಟಿಯನ್ನು ನೋಡಿದಳು, ತಲೆಯೆತ್ತಿ ಗಾಳಿಕಿಂಡಿಯನ್ನು ನೋಡಿದಳು. "ನಾನು ಕೊಟ್ಟಿದ್ದು ಮರಿ. ನೀನು ಫ್ರಿಜ್ಜಲ್ಲಿ ಸೌತೆಕಾಯಿ ಇಟ್ಟಂಗೆ ಇಟ್ಟಿದ್ದೀಯ" ಎಂದಳು. ಆಮೇಲೆ ನನಗೆ: "ಚಿನ್ನದಂಥ ಮನುಷ್ಯ ಅಂದ್ಯಲ್ಲ, ಇದೇನಾ ಚಿನ್ನ?" ಎಲ್ಲಿ ಮುಖ ಇಟ್ಟುಕೊಳ್ಳಲಿ ನಾನು!

ಅವಳು ಮರಿಯನ್ನು ಅಂಗೈಯಲ್ಲಿ ಹಿಡಿದು ಒಲೆಯ ಬದಿಯಲ್ಲಿ ನಿಧಾನ ಬೆಚ್ಚಗೆ ಮಾಡಿದಳು, ಮೂತಿಗೆ ಒಂದು ಹನಿ ನೀರು ಸವರಿದಳು. ಒಂದು ಕಣ್ಣು ತೆರೆಯಿತು.

"ತಗೊಂಡು ಹೋಗ್ತೀಯಾ?" ಎಂದ ಗಾರ್ತ್.

"ಹೋಗ್ಬೇಕು." ಅವನ ಮುಖವನ್ನು ದಿಟ್ಟಿಸಿದಳು. "ಮಗಳ ಹತ್ರ ನಿಜ ಹೇಳಿದ್ಯಂತೆ. ನಾಡಿದ್ದು ಸಂಜೆ ತನಕ ಟೈಮು. ಸರಿಯಾದ ಬಿಸಿಮನೆ ಕಟ್ಟು. ಇಲ್ಲಾಂದ್ರೆ ವಾಪಸ್ ತರಲ್ಲ, ಆಮೇಲೆ ಕಾಲು ಹಿಡಿದ್ರೂ ಕೊಡಲ್ಲ. ಅಲ್ಲೀತನಕ ಇದು ನನ್ನ ಶೆಡ್ಡಲ್ಲೇ ಇರ್ಲಿ."

ಬುಧವಾರ, ಗುರುವಾರ ಗಾರ್ತ್ ಯಾರ ಸೂರೂ ಹತ್ತಲಿಲ್ಲ. ಫೆಬ್ರವರಿಯಲ್ಲಿ! ಊರಿನ ಜನವೆಲ್ಲ ಬೆವರು ಒರೆಸಿಕೊಳ್ಳುತ್ತ ನನ್ನ ಕೌಂಟರಿಗೆ ಬಂದು ಅವನೆಲ್ಲಿ, ಅವನೆಲ್ಲಿ ಎಂದು ಕೇಳಿದರು. "ಚಳಿ ಹಿಡಿದವರೊಬ್ಬರ ಸೇವೆಯಲ್ಲಿದ್ದಾನೆ" ಎಂದೆ. ಬಿಸಿಲು ನನ್ನ ತಲೆಗೆ ಏರಿದೆ ಎಂದುಕೊಂಡು ಹೋದರು.

ಆದರೆ ಮೂವತ್ತು ವರ್ಷ ಮನೆ ತಂಪು ಮಾಡಿದವನಿಗೆ ಗಾಳಿ ಹೇಗೆ ಓಡುತ್ತದೆ ಎಂದು ಯಾರೂ ಕಲಿಸಬೇಕಿಲ್ಲ. ಮರದ ಹಲಗೆಯಿಂದ ಉದ್ದನೆಯ ಪೆಟ್ಟಿಗೆ ಕಟ್ಟಿದ, ಮುಂದೆ ಸರಿಸುವ ಗಾಜು. ತಂಪು ತುದಿಯಲ್ಲಿ ಕೆಳಗೆ ಗಾಳಿ ಒಳಬರುವ ತೂತು, ಬಿಸಿ ತುದಿಯಲ್ಲಿ ಮೇಲೆ ಹೊರಹೋಗುವ ತೂತು, ಎರಡಕ್ಕೂ ಸಣ್ಣ ಜಾಲರಿ. ಟ್ಯೂಬನ್ನು ಪೆಟ್ಟಿಗೆಯ ಒಳಗೇ, ಮಧ್ಯೆ ಏನೂ ಅಡ್ಡ ಬರದ ಹಾಗೆ ಕೂರಿಸಿದ. ಬಿಸಿ ಮಿತಿ ಮೀರಿದರೆ ದೀಪ ತಾನೇ ಆರಲು ಹಳೆಯ ಸಾಮಾನಿನಲ್ಲಿದ್ದ ಥರ್ಮೋಸ್ಟಾಟು ಹಚ್ಚಿದ. ಹಿಂದಿನ ಸಣ್ಣ ಕೋಣೆಗೆ ಪೆಟ್ಟಿಗೆ ಸಾಗಿಸಿ, ಅಲ್ಲಿನ ಗಾಳಿಕಿಂಡಿಗೆ ರಟ್ಟು ಅಡ್ಡವಿಟ್ಟು ಟೇಪು ಸುತ್ತಿದ. ತಾನೇ ಕೈಯಾರೆ ಹಾಕಿದ ಕಿಂಡಿ ಅದು. ಆಮೇಲೆ ಬರಿ ಬನಿಯನ್ನಿನಲ್ಲಿ ನೆಲದ ಮೇಲೆ ಮಲಗಿ, ಕಲ್ಲು ದೀಪಕ್ಕೆ ಹತ್ತಿರವಾಗಲೆಂದು ಅದರ ಕೆಳಗೆ ಒಂದೊಂದೇ ಟೈಲ್ಸು ಸೇರಿಸುತ್ತ, ತೆಗೆಯುತ್ತ, ಉಷ್ಣತೆ ಓದುತ್ತ ಎರಡು ಗಂಟೆ ಕಳೆದ. ಪ್ರತಿ ಸಲವೂ ಟೆಗನ್‌ಗೆ ಫೋನಿನಲ್ಲಿ ವರದಿ. ಶಾಲೆ ಬಿಟ್ಟ ಮೇಲೆ ಅವಳು ಅದನ್ನೇ ಕಾಯುತ್ತಿದ್ದಳು.

"ಮೂವತ್ತೇಳು."

"ಇನ್ನೊಂದು ಟೈಲ್ಸ್ ಹಾಕಪ್ಪ."

"ನಲವತ್ತನಾಲ್ಕು."

"ಜಾಸ್ತಿ ಆಯ್ತು. ಮರಿ ಸುಡಬೇಡ!"

"ನಲವತ್ತು. ಪುಟ್ಟಾ, ನಲವತ್ತು ಬಂತು!"

ಗುರುವಾರ ಸಂಜೆ ನೆವೆಂಕಾ ಮರಿಯನ್ನು ತಂದಳು. ಪೆಟ್ಟಿಗೆಯ ಒಳಗೆ ಕೈಯಾಡಿಸಿ, ಈ ತುದಿ ಮುಟ್ಟಿ, ಆ ತುದಿ ಮುಟ್ಟಿ, ತೂತಿಗೆ ಮೂಗು ಹಿಡಿದು ನೋಡಿದಳು. "ಹೂಂ" ಎಂದಳು. ಅವಳ ಬಾಯಲ್ಲಿ ಹೂಂ ಬಂದರೆ ಅದು ಪದಕ. ಆದರೆ ಬಾಗಿಲಲ್ಲಿ ನಿಂತು ಹೇಳಿದಳು: "ಇನ್ನೂ ಏನೂ ತಿಂದಿಲ್ಲ ಅದು. ತಿಂದ್ರೆ ಉಳೀತು."

ಆ ಶುಕ್ರವಾರ ಟೆಗನ್ ಬರುವ ಸರದಿಯಲ್ಲ, ಅದಕ್ಕೆ ಇನ್ನೂ ಒಂದು ವಾರವಿತ್ತು. ಸಂಜೆ ನಾಲ್ಕಕ್ಕೆ ಅಂಚೆ ಕಚೇರಿಗೆ ಲೀಆನ್ ಫೋನು ಮಾಡಿದಳು. "ಗ್ಲೆನಿಸ್, ಗಾರ್ತ್ ಫೋನ್ ಎತ್ತುತ್ತಿಲ್ಲ. ಎಲ್ಲೋ ಸೂರ್ ಮೇಲಿರ್ಬೇಕು. ಟೆಗನ್ ಬಸ್ ಹತ್ತಿದ್ದಾಳೆ ಅಂತ ಹೇಳಿಬಿಡು." ಯಾಕೆ, ಏನು ಎಂದು ಕೇಳುವಷ್ಟರಲ್ಲಿ ಇಟ್ಟಳು.

ಕೇಳಿದ ಗಾರ್ತ್ ಬೆಳ್ಳಗಾದ. "ಬೈಯೋಕೆ ಬರ್ತಿದ್ದಾಳೆ. ಕೊನೇ ಸಲ ನೋಡಿ ಹೋಗೋಕೆ ಬರ್ತಿದ್ದಾಳೆ" ಎಂದ. ನಾನೂ ಅವನ ಜೊತೆ ನಿಲ್ದಾಣಕ್ಕೆ ಹೋದೆ, ಒಬ್ಬನನ್ನೇ ಬಿಡಲು ಧೈರ್ಯವಾಗಲಿಲ್ಲ.

ಹುಡುಗಿ ಇಳಿದಳು. "ಬದುಕಿದ್ಯಾ?"

"ಬದುಕಿದೆ. ತಿಂದಿಲ್ಲ."

"ನಡಿ."

ಅಷ್ಟೇ ಮಾತು. ಆ ಸಂಜೆ ಬಿಸ್ಕತ್ ಏನೂ ತಿನ್ನಲಿಲ್ಲ. ಅದರ ಹಗಲು ಮುಗಿಯಿತು ಎಂದು ಟೆಗನ್ ತಾನೇ ದೀಪ ಆರಿಸಿದಳಂತೆ.

ಶನಿವಾರ ಬೆಳಿಗ್ಗೆ ಏಳಕ್ಕೆ ದೀಪ ಹಚ್ಚಿ ಇಬ್ಬರೂ ಆ ಬೇಯುವ ಕೋಣೆಯಲ್ಲಿ ನೆಲದ ಮೇಲೆ ಕೂತರು. ನಾನು ಬೇಲಿಯ ಬಳಿ ಚಹಾ ಹಿಡಿದು ನಿಂತಿದ್ದೆ, ಕಿಟಕಿ ತೆರೆದಿತ್ತು. ಬಿಸ್ಕತ್ ಕಲ್ಲಿನ ಮೇಲೆ ಹತ್ತಿ ಚಪ್ಪಟೆಯಾಗಿ ಹರಡಿಕೊಂಡಿತಂತೆ. ಎಂಟು ಗಂಟೆಗೆ ಕಪ್ಪು ಇಳಿಯಿತು. ಎಂಟೂವರೆಗೆ ಹುಲ್ಲಿನ ಬಣ್ಣ. ಒಂಬತ್ತಕ್ಕೆ ಬಾಯಿ ತೆರೆದು ಕೂತಿತು.

"ಅಯ್ಯೋ, ಉಸಿರು ಕಟ್ತಿದ್ಯಾ?" ಗಾರ್ತ್‌ನ ಗಾಬರಿಯ ದನಿ.

"ಇಲ್ಲಪ್ಪ. ಬಿಸಿ ಸಾಕಾಯ್ತು ಅಂತ. ಹೊಟ್ಟೆ ತುಂಬ ಬಿಸಿಲು ಕುಡ್ದಿದೆ. ಈಗ ಜೀರುಂಡೆ ಕೊಡು. ಸಣ್ಣದು. ಇನ್ನೂ ಸಣ್ಣದು."

ನಾನು ಬೇಲಿಯ ಮೇಲೆ ಬಾಗಿ ಕಿವಿಗೊಟ್ಟೆ, ಒಂದು ಓತಿಕ್ಯಾತನ ತಿಂಡಿಗೆ! ಆಗ ಹುಡುಗಿ ಕಿರುಚಿದ ಕಿರುಚಿಗೆ ನನ್ನ ಚಹಾ ಅರ್ಧ ಗುಲಾಬಿ ಗಿಡಕ್ಕೆ ಹೋಯಿತು. "ತಿಂತು! ಅಪ್ಪ, ತಿಂತು! ಇನ್ನೊಂದು ಕೊಡು, ಇನ್ನೊಂದು!" ಒಂಬತ್ತು ಜೀರುಂಡೆ ತಿಂದಿತು ಆ ಪುಟ್ಟ ರಾಕ್ಷಸ.

ಮಧ್ಯಾಹ್ನ ಗಾರ್ತ್ ಸ್ನಾನಕ್ಕೆ ಹೋದಾಗ ಟೆಗನ್ ಬೇಲಿಯ ಹತ್ತಿರ ಬಂದಳು. ಕೂದಲೆಲ್ಲ ಬೆವರಿಗೆ ಅಂಟಿತ್ತು.

"ಗ್ಲೆನಿಸ್ ಆಂಟಿ, ಮಂಗಳವಾರ ಫೋನಲ್ಲಿ ಅಪ್ಪ ಅಳ್ತಿದ್ದನಾ?"

"ಅದೆಲ್ಲ ನಂಗೆ ಗೊತ್ತಿಲ್ಲಮ್ಮ."

"ಅಂದ್ರೆ ಅಳ್ತಿದ್ದ." ಬೇಲಿಯ ತಂತಿಯನ್ನು ಬೆರಳಲ್ಲಿ ಮೀಟಿದಳು. "ಅಮ್ಮಂಗೆ ಹೇಳ್ದೆ, ಅಪ್ಪ 'ನಂಗೆ ಗೊತ್ತಿಲ್ಲ' ಅಂದ ಅಂತ. ಅಮ್ಮ ತೊಳೀತಿದ್ದ ಪಾತ್ರೆ ಕೆಳಗಿಟ್ಟು ನನ್ನೇ ನೋಡಿದ್ಲು. ಆಮೇಲೆ ಅವಳೇ ಬಸ್ ಟೈಮ್ ಹುಡುಕಿಕೊಟ್ಲು."

"ಹೋಗು, ನೀರು ಕುಡಿ, ಬೆಂದುಹೋಗಿದ್ದೀಯ" ಎಂದು ಗದರಿ ಕಳಿಸಿದೆ.

ಭಾನುವಾರ ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಸಂಜೆ ನೋಡುತ್ತೇನೆ, ಗಾರ್ತ್ ಮನೆಯ ಜಗುಲಿಯ ಮೇಲೆ ಬಟ್ಟೆಯ ರಾಶಿ. ಕೆಲಸದ ಅಂಗಿಗಳು, ಚಡ್ಡಿ, ಕಾಲುಚೀಲ, ಮದುವೆಗೆ ಹಾಕುವ ಕೋಟು, ಎಲ್ಲ ಕುರ್ಚಿಯ ಮೇಲೆ, ನೆಲದ ಮೇಲೆ. ಮಧ್ಯದಲ್ಲಿ ಅವನು ನಿಂತಿದ್ದಾನೆ.

"ಏನೋ ಇದು? ಮನೆ ಬಿಡ್ತಿದ್ದೀಯಾ?"

"ಟೆಗನ್ ಡ್ರಾಯರ್ ಕೇಳಿದ್ಲು ಗ್ಲೆನ್."

"ಏನು ಡ್ರಾಯರ್?"

"ಬಸ್ ಹತ್ತೋವಾಗ. 'ಅಪ್ಪ, ಸಲ ಸಲಾನೂ ಬಟ್ಟೆ ಹೊತ್ಕೊಂಡು ಬರೋಕಾಗಲ್ಲ, ನಂಗೆ ಬೀರುಲ್ಲೊಂದು ಡ್ರಾಯರ್ ಬಿಟ್ಕೊಡು' ಅಂದ್ಲು."

"ಒಂದು ತಾನೆ ಕೇಳಿದ್ದು?"

"ಒಂದೇ."

"ಮತ್ತೆ ನಾಲ್ಕೂ ಖಾಲಿ ಮಾಡಿದ್ದೀಯಲ್ಲೋ ಮಾರಾಯ!"

ಅವನು ಕೈಯಲ್ಲಿದ್ದ ಕಾಲುಚೀಲಗಳನ್ನು ನೋಡಿದ. "ಯಾವುದು ಬೇಕು ಅಂತ ಕೇಳೋಕೆ ಮರೆತೆ" ಎಂದ.